ಪ್ಯಾರಾಸಿಟಮಾಲ್: ಡ್ರಾಪ್ಸೋ, ಸಿರಪ್ಪೋ?

ಎರಡರಲ್ಲೂ ಇರುವುದು ಒಂದೇ ಔಷಧಿ, ಸ್ಟ್ರೆಂತ್ ಮಾತ್ರ ಬೇರೆ. ಅಪ್ಪ ಅಮ್ಮ ಎಡವುವುದು ಇಲ್ಲೇ.

ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 125 ಅಥವಾ 250. ಹತ್ತು ಕಿಲೋ ತೂಕದ ಮಗುವಿಗೆ ಡಾಕ್ಟರ್ 150 ಮಿಲಿಗ್ರಾಂ ಬರೆದರು ಅಂದುಕೊಳ್ಳಿ. ಡ್ರಾಪ್ಸ್ ಆದರೆ ಒಂದೂವರೆ ಎಂಎಲ್ ಸಾಕು. 125ರ ಸಿರಪ್ ಆದರೆ 6 ಎಂಎಲ್ ಬೇಕು. ಸಿರಪ್ ಅಂದುಕೊಂಡು ಡ್ರಾಪ್ಸನ್ನೇ 6 ಎಂಎಲ್ ಕುಡಿಸಿದರೆ? ನಾಲ್ಕು ಪಟ್ಟು ಔಷಧಿ. ಲಿವರ್‌ಗೆ ಅಪಾಯ.

ಕೈಗೂಸಿಗೆ ಡ್ರಾಪ್ಸೇ ಅನುಕೂಲ. ಸ್ವಲ್ಪದರಲ್ಲೇ ಮುಗಿಯುತ್ತದೆ, ಉಗುಳುವುದೂ ಕಡಿಮೆ. (ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಮಾತ್ರ ಮನೆಯಲ್ಲಿ ಏನೂ ಕೊಡದೆ ಡಾಕ್ಟರ್ ಹತ್ತಿರ ಹೋಗಿ.) ಎರಡು ವರ್ಷ ದಾಟಿದವರಿಗೆ ನಾನಂತೂ ಸಿರಪ್ಪನ್ನೇ ಆರಿಸುತ್ತೇನೆ. ಅಳತೆ ಚೂರು ಆಚೀಚೆ ಆದರೂ ಡೋಸ್ ಅಷ್ಟಾಗಿ ಏರುಪೇರಾಗುವುದಿಲ್ಲ.

ಅಡುಗೆಮನೆ ಚಮಚ ಬೇಡವೇ ಬೇಡ. ಒಂದೊಂದು ಒಂದೊಂದು ಗಾತ್ರ, ಅಲ್ವಾ? ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆದು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಹೊಸ ಬಾಟಲಿ ತಂದಾಗಲೆಲ್ಲ ಲೇಬಲ್ ಮತ್ತೆ ಓದಿ.