ಒಂದು ಕಾಪಿಬುಕ್, ಮೂರು ದಾರಿ: ಎಂಡೆವರ್‌ನ ಹೊಸ ಸೌಲಭ್ಯಗಳೂ ಐಬಿಎಂ ಡಿಬಿಬಿಯೂ

ದೂರದ ದೇಶಗಳ ಬ್ಯಾಂಕು, ವಿಮಾ ಸಂಸ್ಥೆಗಳ ಕೋಬಾಲ್ ಪ್ರೋಗ್ರಾಂಗಳನ್ನು ಬೆಂಗಳೂರಿನಲ್ಲಿ ಕುಳಿತು ನೋಡಿಕೊಳ್ಳುವವರಿಗೆ ಎಂಡೆವರ್ (ಮೇನ್‌ಫ್ರೇಮ್‌ನಲ್ಲಿ ಸೋರ್ಸ್ ಕೋಡ್‌ನ ಆವೃತ್ತಿಗಳನ್ನು ಕಾಪಾಡಿ, ಕಂಪೈಲ್ ಮಾಡಿಸಿ, ಪ್ರೊಡಕ್ಷನ್‌ವರೆಗೆ ಸಾಗಿಸುವ ಸಾಫ್ಟ್‌ವೇರ್) ಹೊಸ ಹೆಸರೇನಲ್ಲ. ಮೇನ್‌ಫ್ರೇಮ್‌ನ ಎಡಿಟರ್ ಆದ ಐಎಸ್‌ಪಿಎಫ್‌ನ ಕಪ್ಪು ಪರದೆಯಲ್ಲಿ ಎಲಿಮೆಂಟ್ (ಒಂದು ಸೋರ್ಸ್ ಕಡತ) ತೆಗೆದು, ತಿದ್ದಿ, ಜನರೇಟ್ (ಕಂಪೈಲ್) ಮಾಡಿ, ಪ್ಯಾಕೇಜ್ ಕಾಸ್ಟ್ ಮಾಡಿ, ಅಂದರೆ ಬದಲಾವಣೆಗಳ ಕಟ್ಟನ್ನು ಮುಚ್ಚಿ, ಮೇಲಿನ ಸ್ಟೇಜ್‌ಗೆ (ಹಂತಕ್ಕೆ) ಕಳುಹಿಸುವುದು ನಮ್ಮ ದಿನಚರಿ. 2018ರಲ್ಲಿ ಎಂಡೆವರ್‌ನ ಒಡೆಯ ಸಿಎ ಟೆಕ್ನಾಲಜೀಸ್ ಬ್ರಾಡ್‌ಕಾಮ್‌ನ ಕೈಗೆ ಹೋಯಿತು. ಈಗಿನ ಎಂಡೆವರ್‌ನಲ್ಲಿ ವಿಎಸ್ ಕೋಡ್ ಎಡಿಟರ್‌ಗಾಗಿ ಎಕ್ಸ್‌ಪ್ಲೋರರ್ ಇದೆ, ಆವೃತ್ತಿಗಳನ್ನು ಕಾಯುವ ಗಿಟ್‌ನ ಸರ್ವರ್‌ಗೆ ಬೆಸೆಯುವ ಬ್ರಿಡ್ಜ್ ಇದೆ, ಮೇನ್‌ಫ್ರೇಮ್‌ಗೆ ಆಜ್ಞೆ ಕಳುಹಿಸುವ ಝೋವಿ ಕಮಾಂಡ್ ಲೈನ್‌ಗೆ ಪ್ಲಗ್‌ಇನ್ ಇದೆ. ಇನ್ನೊಂದು ಕಡೆ, ಸೋರ್ಸ್ ಎಲ್ಲವನ್ನೂ ಗಿಟ್‌ಗೇ ಸಾಗಿಸಿ ಐಬಿಎಂನ ಡಿಪೆಂಡೆನ್ಸಿ ಬೇಸ್ಡ್ ಬಿಲ್ಡ್, ಅಂದರೆ ಡಿಬಿಬಿ ಬಳಸಿ ಕಂಪೈಲ್ ಮಾಡುವ ದಾರಿ. ಒಂದೇ ಸಣ್ಣ ಅಪ್ಲಿಕೇಷನ್ ಅನ್ನು ಎಕ್ಸ್‌ಪ್ಲೋರರ್, ಬ್ರಿಡ್ಜ್, ಡಿಬಿಬಿ ಮೂರರಲ್ಲೂ ಇಟ್ಟು ಕೆಲಸ ಮಾಡಿ ನೋಡಿದೆ. ಅದರಲ್ಲಿ ಬ್ಯಾಚ್ ಪ್ರೋಗ್ರಾಂಗಳು, ಕೆಲವು ಸಿಐಸಿಎಸ್ (ಆನ್‌ಲೈನ್) ಪ್ರೋಗ್ರಾಂಗಳು, ಡಿಬಿ2 ಡೇಟಾಬೇಸ್, ಪ್ರೋಗ್ರಾಂಗಳೆಲ್ಲವೂ ಹಂಚಿಕೊಳ್ಳುವ ಒಂದು ಗ್ರಾಹಕ ದಾಖಲೆಯ ಕಾಪಿಬುಕ್ (ದಾಖಲೆಯ ಫೀಲ್ಡ್‌ಗಳ ವಿನ್ಯಾಸ ಬರೆದಿಟ್ಟ ಸೋರ್ಸ್ ಕಡತ) ಇದ್ದವು.

ಪರೀಕ್ಷೆ ಸರಳ. ಆ ಕಾಪಿಬುಕ್‌ನ ನಡುವೆ ಒಂದು ಹೊಸ ಫೀಲ್ಡ್ ಸೇರಿಸುವುದು, ಅದನ್ನು ಬಳಸುವ ಎಲ್ಲ ಪ್ರೋಗ್ರಾಂಗಳೂ ಮತ್ತೆ ಕಂಪೈಲ್ ಆಗುತ್ತವೆಯೇ ಎಂದು ನೋಡುವುದು. ಈ ಸಾಫ್ಟ್‌ವೇರ್‌ಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಒಂದು ಪ್ರೋಗ್ರಾಂ ತಪ್ಪಿಸಿಕೊಂಡರೂ ಅದು ಹಳೆಯ ಜಾಗದಲ್ಲೇ ಮೊತ್ತವನ್ನು ಹುಡುಕುತ್ತದೆ, ಅಲ್ಲಿ ಈಗ ಬೇರೇನೋ ಕುಳಿತಿರುತ್ತದೆ. ಎಸ್‌0ಸಿ7 ಅಬೆಂಡ್ ಆದರೆ, ಅಂದರೆ ಅಂಕಿಯಲ್ಲದ್ದನ್ನು ಲೆಕ್ಕಕ್ಕೆ ತೆಗೆದುಕೊಂಡು ಪ್ರೋಗ್ರಾಂ ಅರ್ಧಕ್ಕೇ ನಿಂತರೆ ಅದೃಷ್ಟ, ಕನಿಷ್ಠ ತಪ್ಪು ಕಣ್ಣಿಗೆ ಬೀಳುತ್ತದೆ. ಅಬೆಂಡ್ ಆಗದೆ ತಪ್ಪು ಮೊತ್ತ ಬರೆಯುತ್ತಾ ಹೋದರೆ ಯಾರದೋ ಖಾತೆ ಕೆಡುತ್ತದೆ.

ಎಂಡೆವರ್‌ನಲ್ಲಿ ಯಾವ ಪ್ರೋಗ್ರಾಂ ಯಾವ ಕಾಪಿಬುಕ್ ಬಳಸುತ್ತದೆ ಎಂಬ ಲೆಕ್ಕ ಇಡುವುದು ಎಸಿಎಂ (ಆಟೋಮೇಟೆಡ್ ಕಾನ್ಫಿಗರೇಷನ್ ಮ್ಯಾನೇಜರ್). ಪ್ರೊಸೆಸರ್‌ನ (ಕಂಪೈಲ್, ಲಿಂಕ್ ಹಂತಗಳನ್ನು ಓಡಿಸುವ ಎಂಡೆವರ್ ಸ್ಕ್ರಿಪ್ಟ್‌ನ) ಕಂಪೈಲ್ ಹಂತದಲ್ಲಿ ಕಾಂಪೊನೆಂಟ್ ನಿಗಾ ಹಾಕಿದ್ದರೆ, ಕಂಪೈಲರ್ ನಿಜವಾಗಿ ಯಾವ ಡೇಟಾಸೆಟ್‌ನ ಯಾವ ಮೆಂಬರ್ ಅನ್ನು ಓದಿತು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಹಿಂದೆ ನಾವು ಇದನ್ನು ವಿಚಾರಿಸಿ, ಬಂದ ಪಟ್ಟಿಯನ್ನು ಎಸ್‌ಸಿಎಲ್ (ಎಂಡೆವರ್‌ನ ಆಜ್ಞಾ ಭಾಷೆ) ಆಗಿಸಿ, ಬ್ಯಾಚ್‌ನಲ್ಲಿ ಬಿಡುತ್ತಿದ್ದೆವು. ಈಗ ಕಾಪಿಬುಕ್‌ನ ಬ್ಯಾಚ್ ಕ್ರಿಯೆಗೆ ಆಟೋಜೆನ್ ಸೇರಿಸಿದರೆ ಅದನ್ನು ಬಳಸುವ ಎಲಿಮೆಂಟ್‌ಗಳ ಜನರೇಟ್ ತಾನಾಗಿಯೇ ಸಾಲಿಗೆ ಬರುತ್ತದೆ. ಹೊಸ ಸೌಲಭ್ಯಗಳಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದು. ವಿಎಸ್ ಕೋಡ್‌ನ ಬಣ್ಣಬಣ್ಣದ ಅಕ್ಷರಗಳ ಬಗ್ಗೆ ಮಾತಾಡುವವರು ಬಹಳ, ಆಟೋಜೆನ್ ಬಗ್ಗೆ ಮಾತಾಡುವವರು ಕಡಿಮೆ. ಆದರೆ ನಿಗಾ ಇಲ್ಲದ ಹಳೆಯ ಪ್ರೊಸೆಸರ್ ಒಂದಿದ್ದರೆ ಅದರಿಂದ ಹುಟ್ಟಿದ ಪ್ರೋಗ್ರಾಂಗಳು ಈ ಪಟ್ಟಿಗೆ ಸೇರುವುದೇ ಇಲ್ಲ.

ಡಿಬಿಬಿಯ ರೀತಿ ಬೇರೆ. ಅದು ಸೋರ್ಸ್ ಅನ್ನು ಓದಿ, ಅದರೊಳಗಿನ ಕಾಪಿ, ಇನ್‌ಕ್ಲೂಡ್, ಕಾಲ್ ಹೇಳಿಕೆಗಳನ್ನು ಹೆಕ್ಕಿ, ಮೆಟಾಡೇಟಾ ಸ್ಟೋರ್‌ನಲ್ಲಿ ಇಡುತ್ತದೆ. ಲೋಡ್ ಮಾಡ್ಯೂಲ್‌ಗಳನ್ನೂ (ಓಡಲು ಸಿದ್ಧವಾದ ಪ್ರೋಗ್ರಾಂಗಳನ್ನೂ) ಜಾಲಾಡಿ, ಒಳಗೇ ಬೆಸೆದುಕೊಂಡ, ಅಂದರೆ ಸ್ಟ್ಯಾಟಿಕ್ ಲಿಂಕ್ ಆದವನ್ನು ಗುರುತಿಸಬಲ್ಲದು. ಇಂಪ್ಯಾಕ್ಟ್ ಬಿಲ್ಡ್ ಓಡಿಸಿದರೆ, ಗಿಟ್‌ನಲ್ಲಿ ಕಳೆದ ಬಿಲ್ಡ್‌ನಿಂದ ಈಚೆಗೆ ಬದಲಾದದ್ದು ಯಾವುದು, ಅದರ ಹೊಡೆತ ಯಾರಿಗೆ ಎಂದು ತಾನೇ ಲೆಕ್ಕ ಹಾಕಿ ಅಷ್ಟನ್ನೇ ಕಂಪೈಲ್ ಮಾಡುತ್ತದೆ. ನನ್ನ ಕಾಪಿಬುಕ್ ಪರೀಕ್ಷೆಯಲ್ಲಿ ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಲಿಲ್ಲ. ಬದಲಾವಣೆಯನ್ನು ಗಿಟ್‌ಗೆ ಕಮಿಟ್ ಮಾಡಿ ಪೈಪ್‌ಲೈನ್ (ಬಿಲ್ಡ್‌ನ ಸ್ವಯಂಚಾಲಿತ ಹಂತಗಳನ್ನು) ಓಡಿಸಿದೆ, ಬಳಸುವವರೆಲ್ಲ ಬಿಲ್ಡ್ ವರದಿಯಲ್ಲಿ ಬಂದರು. ಈ ಒಂದು ವಿಷಯದಲ್ಲಿ ಡಿಬಿಬಿ ಮುಂದಿದೆ. ಹೆಸರನ್ನು ವೇರಿಯಬಲ್‌ನಲ್ಲಿ ಇಟ್ಟು ಕರೆಯುವ ಡೈನಾಮಿಕ್ ಕಾಲ್ ಮಾತ್ರ ಇಬ್ಬರ ಕೈಗೂ ಸಿಗುವುದಿಲ್ಲ.

ಮುಂದಿನ ಪ್ರಶ್ನೆ, ಪ್ರೊಡಕ್ಷನ್‌ನಲ್ಲಿ ಓಡುತ್ತಿರುವ ಲೋಡ್ ಮಾಡ್ಯೂಲ್ ಯಾವ ಸೋರ್ಸ್‌ನಿಂದ ಬಂದದ್ದು? ನಡುರಾತ್ರಿ ಕರೆ ಬಂದಾಗ ಮೊದಲು ಬೇಕಾಗುವ ಉತ್ತರ ಇದೇ. ಎಂಡೆವರ್ ಲೋಡ್ ಮಾಡ್ಯೂಲ್‌ಗೆ ಫುಟ್‌ಪ್ರಿಂಟ್ ಒತ್ತುತ್ತದೆ: ಎನ್ವಿರಾನ್‌ಮೆಂಟ್, ಸಿಸ್ಟಮ್, ಸಬ್‌ಸಿಸ್ಟಮ್, ಎಲಿಮೆಂಟ್, ಟೈಪ್, ವರ್ಷನ್ ಮತ್ತು ಲೆವೆಲ್, ಜನರೇಟ್ ಆದ ದಿನಾಂಕ. ಡಿಬಿಬಿ ಜೊತೆ ಬಳಸುವ ಬಿಲ್ಡ್ ಸ್ಕ್ರಿಪ್ಟ್‌ಗಳ ಗುಚ್ಛ ಝಡ್‌ಆಪ್‌ಬಿಲ್ಡ್‌ನಲ್ಲಿ ಒಂದು ಆಯ್ಕೆ ಸೇರಿಸಿದರೆ ಗಿಟ್ ಹ್ಯಾಶ್‌ನ (ಕಮಿಟ್‌ನ ಗುರುತಿನ ಸಂಖ್ಯೆಯ) ಮೊದಲ 8 ಅಕ್ಷರಗಳು ಲೋಡ್ ಮಾಡ್ಯೂಲ್‌ನ ಎಸ್‌ಎಸ್‌ಐ ಎಂಬ ಸಣ್ಣ ಗುರುತಿನ ಜಾಗಕ್ಕೆ ಹೋಗುತ್ತವೆ. ಅದು ಸಾಕು, ಆದರೆ ಆ ಆಯ್ಕೆಯನ್ನು ಯಾರಾದರೂ ನೆನಪಿಟ್ಟು ಸೇರಿಸಿರಬೇಕು. ಫುಟ್‌ಪ್ರಿಂಟ್‌ನಲ್ಲಿ ಹೆಸರುಗಳು ಓದುವಂತಿವೆ; ಹ್ಯಾಶ್ ಸಿಕ್ಕರೆ ಗಿಟ್ ತೆರೆದು ಹುಡುಕಬೇಕು. ನನ್ನ ಒಲವು ಫುಟ್‌ಪ್ರಿಂಟ್ ಕಡೆಗೆ.

ಬ್ರಿಡ್ಜ್ ಈ ಎರಡರ ನಡುವೆ ನಿಲ್ಲುತ್ತದೆ. ಎಂಡೆವರ್‌ನ ಸ್ಟೇಜ್, ಸಿಸ್ಟಮ್, ಸಬ್‌ಸಿಸ್ಟಮ್‌ಗಳನ್ನು ಗಿಟ್ ಬ್ರಾಂಚ್‌ಗೆ ಹೊಂದಿಸಿಟ್ಟರೆ, ಕಿರಿಯ ಸಹೋದ್ಯೋಗಿ ಗಿಟ್‌ನಲ್ಲಿ ಪುಶ್ ಮಾಡಿದ್ದು ಎಂಡೆವರ್‌ಗೆ ಹೋಗುತ್ತದೆ, ಹಿರಿಯರು ಐಎಸ್‌ಪಿಎಫ್‌ನಲ್ಲಿ ತಿದ್ದಿದ್ದು ಗಿಟ್‌ಗೆ ಬರುತ್ತದೆ. ಕಂಪೈಲ್ ನಡೆಯುವುದು ಹಳೆಯ ಪ್ರೊಸೆಸರ್‌ಗಳಲ್ಲೇ, ಫುಟ್‌ಪ್ರಿಂಟ್ ಉಳಿಯುತ್ತದೆ. ಒಂದೇ ತಂಡದಲ್ಲಿ ಎರಡು ತಲೆಮಾರಿನವರು ಯಾರನ್ನೂ ಬಲವಂತ ಮಾಡದೆ ಜೊತೆಯಾಗಿ ದುಡಿಯಬಹುದು, ಇದು ದೊಡ್ಡ ಮಾತು. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಎರಡು ಕಡೆಯ ನಿಯಮಗಳನ್ನೂ ಅರಿತ ಒಬ್ಬ ನಿರ್ವಾಹಕ ಸದಾ ಬೇಕು.

ಎಕ್ಸ್‌ಪ್ಲೋರರ್‌ಗೆ ಅಷ್ಟು ಸಿದ್ಧತೆಯೂ ಬೇಡ. ಗಿಟ್ ಇಲ್ಲದೆಯೇ ವಿಎಸ್ ಕೋಡ್‌ನಲ್ಲಿ ಎಲಿಮೆಂಟ್ ತೆರೆದು, ತಿದ್ದಿ, ಜನರೇಟ್ ಮಾಡಿ, ಲಿಸ್ಟಿಂಗ್ (ಕಂಪೈಲರ್‌ನ ವರದಿ) ಓದಬಹುದು. ನಾವು ತಿದ್ದುವಷ್ಟರಲ್ಲಿ ಇನ್ನೊಬ್ಬರು ಅದೇ ಎಲಿಮೆಂಟ್ ಬದಲಿಸಿದ್ದರೆ ಅಪ್‌ಲೋಡ್ ಮಾಡುವಾಗ ಅದು ಪತ್ತೆಯಾಗುತ್ತದೆ, ಎರಡೂ ಪ್ರತಿಗಳು ಅಕ್ಕಪಕ್ಕ ತೆರೆದುಕೊಳ್ಳುತ್ತವೆ. ಒಬ್ಬರು ತೆಗೆದುಕೊಂಡ ಎಲಿಮೆಂಟ್ ಅನ್ನು ಇನ್ನೊಬ್ಬರು ಮುಟ್ಟಲಾಗದ ಸೈನ್‌ಔಟ್ ಬೀಗದ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ಹಿತ.

ಅನುಮೋದನೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎಂಡೆವರ್ ಪ್ಯಾಕೇಜ್ ಕಾಸ್ಟ್ ಆದ ಮೇಲೆ ಅನುಮೋದಕರ ಸಹಿ ಬೇಕು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಬ್ಯಾಕ್‌ಔಟ್ ಸಿದ್ಧವಾಗಿದೆ. ಡಿಬಿಬಿ ಬರೀ ಬಿಲ್ಡ್ ಮಾಡುತ್ತದೆ. ಅನುಮೋದನೆ ಗಿಟ್ ಸರ್ವರ್‌ನ ಪಾಲು, ಡಿಪ್ಲಾಯ್ ಮತ್ತು ಹಿಂತೆಗೆತ ಇನ್ನೊಂದು ಸಾಧನದ ಪಾಲು. ಅವನ್ನೆಲ್ಲ ಜೋಡಿಸುವ ಕೆಲಸ ನಮ್ಮ ತಲೆಯ ಮೇಲೆ.

ಗಿಟ್‌ಗೆ ಹೋಗುವವರನ್ನು ನಿಜವಾಗಿ ಕಾಡುವುದು ಅಕ್ಷರಗಳು. ಮೇನ್‌ಫ್ರೇಮ್‌ನದೇ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿರುವ ಸೋರ್ಸ್ ಗಿಟ್‌ನಲ್ಲಿ ಯುಟಿಎಫ್-8 ಸಂಕೇತಕ್ಕೆ ಬದಲಾಗುತ್ತದೆ. ಹಳೆಯ ಕೋಬಾಲ್‌ನಲ್ಲಿ ಯಾರೋ ಉದ್ಧರಣ ಚಿಹ್ನೆಗಳ ಒಳಗೆ ಹೆಕ್ಸ್ 15 ಅಥವಾ 25 ಅನ್ನು ನೇರವಾಗಿ ಟೈಪ್ ಮಾಡಿರುತ್ತಾರೆ. ಐಎಸ್‌ಪಿಎಫ್‌ನಲ್ಲಿ ಅದು ಕಾಣದ ಒಂದು ಅಕ್ಷರ. ಹೆಕ್ಸ್ 15 ಎಂದರೆ ಹೊಸ ಸಾಲು, ಹಾಗಾಗಿ ಯುನಿಕ್ಸ್ ಫೈಲ್‌ಗೆ ಇಳಿದ ಕೂಡಲೇ ಸಾಲು ಅಲ್ಲೇ ಮುರಿದು ಎರಡಾಗುತ್ತದೆ. ಚೌಕ ಆವರಣಗಳೂ ಎಬ್ಸಿಡಿಕ್‌ನ ಎರಡು ಅಕ್ಷರ ಪಟ್ಟಿಗಳಾದ ಕೋಡ್ ಪೇಜ್ 037 ಮತ್ತು 1047ರಲ್ಲಿ ಬೇರೆ ಬೇರೆ ಬೈಟ್‌ಗಳು. ಡಿಬಿಬಿಯ ಮೈಗ್ರೇಷನ್ ಸಾಧನ ಹೆಕ್ಸ್ 15, 25ರಂಥ ಬೈಟ್‌ಗಳನ್ನು ಪತ್ತೆ ಹಚ್ಚುತ್ತದೆ. ಅವನ್ನು ಹೆಕ್ಸ್ ಲಿಟರಲ್ ಆಗಿ (ಕಾಣುವ ಹೆಕ್ಸ್ ಅಂಕಿಗಳಾಗಿ) ತಿದ್ದಿ, ಕಂಪೈಲ್ ಮಾಡಿ, ಹಳೆಯ ಫಲಿತಾಂಶದ ಜೊತೆ ತಾಳೆ ನೋಡುವುದು ಮನುಷ್ಯರ ಕೆಲಸ. ಬ್ರಿಡ್ಜ್‌ಗೆ ಹೋದರೂ ಇದೇ ಎಚ್ಚರ ಬೇಕು.

ದಶಕಗಳ ಪ್ರೊಸೆಸರ್‌ಗಳು, ಅಪ್ರೂವರ್ ಗುಂಪುಗಳು ನೆಲೆಯೂರಿರುವ ಕಡೆ ನಾನು ಎಂಡೆವರ್ ಬಿಡುವುದಿಲ್ಲ. ಮೊದಲು ಪ್ರತಿ ಪ್ರೊಸೆಸರ್‌ನಲ್ಲೂ ನಿಗಾ ಇದೆಯೇ ಎಂದು ನೋಡಿ ಆಟೋಜೆನ್ ಆರಂಭಿಸುತ್ತೇನೆ, ಆಮೇಲೆ ಎಕ್ಸ್‌ಪ್ಲೋರರ್ ಕೊಡುತ್ತೇನೆ, ತಂಡ ಕೇಳಿದಾಗ ಬ್ರಿಡ್ಜ್. ಜಾವಾ, ಕೋಬಾಲ್ ಎರಡೂ ಒಂದೇ ಬದಲಾವಣೆಯಲ್ಲಿ ಹೋಗಬೇಕಾದ, ಪೈಪ್‌ಲೈನ್ ಈಗಾಗಲೇ ಓಡುತ್ತಿರುವ ತಂಡಕ್ಕೆ ಡಿಬಿಬಿಯೇ ಸರಿ. ಅಂಥವರು ಮೊದಲ ಬಿಲ್ಡ್‌ಗೆ ಮುನ್ನವೇ ಎಸ್‌ಎಸ್‌ಐ ಆಯ್ಕೆಯನ್ನು ಸೇರಿಸಿಬಿಡಲಿ.