ದೊಡ್ಡೆಲೆ ಜೇಡೋ, ಚಿಕ್ಕೆಲೆ ಜೇಡೋ?

ಬೆಂಗಳೂರಿನ ನರ್ಸರಿಯಲ್ಲಿ ಜೇಡ್ ಗಿಡ ಕೇಳಿದರೆ ಎರಡು ಬೇರೆ ಬೇರೆ ಗಿಡಗಳನ್ನು ತೋರಿಸುತ್ತಾರೆ. ಎಲೆ ಹೆಬ್ಬೆರಳಿನಷ್ಟು ಅಗಲ, ಕಾಂಡ ದಪ್ಪ ಇದ್ದರೆ ಅದು ಕ್ರಾಸ್ಯುಲಾ ಒವಾಟಾ. ಎಲೆ ಕಿರುಬೆರಳ ಉಗುರಿನಷ್ಟೇ, ಕಾಂಡ ಕೆಂಪಗಿದ್ದರೆ ಪೋರ್ಚುಲಕೇರಿಯಾ ಆಫ್ರಾ. ಎರಡಕ್ಕೂ ತವರು ಆಫ್ರಿಕಾದ ದಕ್ಷಿಣ ಭಾಗ. ಎರಡನ್ನೂ ಒಂದೇ ದಿನ ತಂದು, ಪೂರ್ವದ ಬಾಲ್ಕನಿಯಲ್ಲಿ ಅಕ್ಕಪಕ್ಕ ಇಟ್ಟು ಎರಡು ವರ್ಷ ಆಯ್ತು.

ಬೇಸಿಗೆಯಲ್ಲಿ ಎರಡೂ ಚೆನ್ನಾಗಿದ್ದವು. ಫರಕು ಗೊತ್ತಾಗಿದ್ದು ಆಗಸ್ಟ್‌ನಲ್ಲಿ. ಕುಂಡದಲ್ಲಿ ನರ್ಸರಿಯ ಕೋಕೋಪೀಟ್, ಅಂದರೆ ನೀರು ಹಿಡಿದಿಟ್ಟುಕೊಳ್ಳುವ ತೆಂಗಿನ ನಾರಿನ ಪುಡಿ, ಹಾಗೇ ಇತ್ತು, ಮಳೆ ಎರಚಲು ಬೇರೆ. ಒಂದು ಬೆಳಗ್ಗೆ ದೊಡ್ಡೆಲೆಯ ಬುಡ ಒತ್ತಿ ನೋಡಿದರೆ ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಕಂದು ನೀರು ಬೆರಳಿಗೆ ಹತ್ತಿತು. ತುಂಬಾ ಬೇಜಾರಾಯ್ತು. ಅದೇ ಮಳೆಗೆ ಚಿಕ್ಕೆಲೆ ಒಂದಷ್ಟು ಎಲೆ ಉದುರಿಸಿ ಸುಧಾರಿಸಿಕೊಂಡಿತು.

ದೊಡ್ಡೆಲೆಯಲ್ಲಿ ಕೊಳೆಯದ ತುದಿ ಕತ್ತರಿಸಿ, ನೆರಳಲ್ಲಿ ಐದು ದಿನ ಒಣಗಿಸಿದೆ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು ಕಲೆಸಿ ನೆಟ್ಟೆ. ಈಗ ಎಲೆ ಸ್ವಲ್ಪ ಸುಕ್ಕಾಗುವ ತನಕ ನೀರು ಮುಟ್ಟಿಸುವುದಿಲ್ಲ. ಮಳೆಗಾಲದಲ್ಲಿ ಗೋಡೆ ಪಕ್ಕಕ್ಕೆ ಸರಿಸುತ್ತೇನೆ. ಈ ವರ್ಷ ಗಟ್ಟಿಯಾಗಿ ನಿಂತಿದೆ.

ಸಸಿ ಮಾಡುವುದರಲ್ಲಿ ಮಾತ್ರ ದೊಡ್ಡೆಲೆಯೇ ಮುಂದು. ಒಂದೇ ಒಂದು ಎಲೆ ಮಣ್ಣಿನ ಮೇಲೆ ಸುಮ್ನೆ ಇಟ್ಟರೂ ಸಾಕು. ಮೂರು ವಾರಕ್ಕೆ ದಾರದಂಥ ಬೇರು, ಆಮೇಲೆ ಸಾಸಿವೆ ಕಾಳಿನಷ್ಟು ಜೋಡಿ ಎಲೆ. ಚಿಕ್ಕೆಲೆಯದು ಬೇರು ಬಿಟ್ಟಿತು, ಚಿಗುರು ಬರಲೇ ಇಲ್ಲ. ಅದಕ್ಕೆ ಕೊಂಬೆಯೇ ಬೇಕು. ತವರಿನಲ್ಲಿ ಅದು ಆನೆಗಳ ಮೇವು, ಅವು ಮುರಿದು ಬೀಳಿಸಿದ ಕೊಂಬೆ ಬಿದ್ದಲ್ಲೇ ಬೇರೂರುತ್ತದಂತೆ. ನನ್ನ ಕುಂಡದಲ್ಲೂ ನೆಟ್ಟ ಆರು ಕೊಂಬೆಗಳಲ್ಲಿ ಐದು ಬದುಕಿದವು. ಅದರ ಎಲೆ ತಿನ್ನಲೂ ಬರುತ್ತದೆ, ನಮ್ಮ ಗೋಣಿ ಸೊಪ್ಪಿನ ಹಾಗೆ ಸ್ವಲ್ಪ ಹುಳಿ. ಹೆಸರಲ್ಲೂ ಗೋಣಿ ಸೊಪ್ಪಿನ ನೆನಪಿದೆ, ಆ ಸೊಪ್ಪಿನ ಕುಲದ ಹೆಸರು ಪೋರ್ಚುಲಕಾ ಅಲ್ವಾ!

ಬಿಳಿ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ ಎರಡಕ್ಕೂ ಬಂತು. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ, ಹೋಯ್ತು.

ಮೊದಲ ಸಲ ಸಕ್ಯುಲೆಂಟ್ (ಇವುಗಳ ಹಾಗೆ ಎಲೆ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಗಿಡ) ತರುವವರಿಗೆ ನಾನು ಚಿಕ್ಕೆಲೆಯನ್ನೇ ಹೇಳುತ್ತೇನೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರಂತೂ ಅದೇ ಇರಲಿ. ದೊಡ್ಡೆಲೆ ಕಚ್ಚಿದರೆ ಅವುಗಳಿಗೆ ವಾಂತಿಯಾಗುತ್ತದೆ. ಅಕ್ಕನ ಮನೆಯಲ್ಲಿ ಎರಡು ಬೆಕ್ಕುಗಳಿವೆ, ಬದುಕಿದ ಐದು ಕೊಂಬೆಗಳಲ್ಲಿ ಮೂರು ಅವಳ ಕಿಟಕಿಗೆ ಹೋಗಿವೆ.