ಜಯಮಂಗಲಿ ದಡದ ಕಾಲುಸೇತುವೆ: ಮೇಲೆ ಗಟ್ಟಿ, ಬುಡ ನೋಡಬೇಕು

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹರಿಯುವ ಜಯಮಂಗಲಿಯಲ್ಲಿ ವರ್ಷದ ಬಹುಪಾಲು ನೀರಿರುವುದಿಲ್ಲ. ಕೊರಟಗೆರೆ ಸೀಮೆಯಲ್ಲಿ ತೋಟಗಳ ಅಂಚಿನ ನಡಿಗೆ ಹಾದಿಗೆ ಹಾಕಿರುವ ಈ ಕಬ್ಬಿಣದ ಕಾಲುಸೇತುವೆ ಬೇಸಿಗೆಯಲ್ಲಿ ದಂಡ ಅನ್ನಿಸೀತು. ಹಸ್ತ, ಚಿತ್ತ ಮಳೆ ಹಿಡಿದಾಗ ಬಂದು ನೋಡಬೇಕು.

ಉದ್ದ 20 ಮೀಟರ್, ನಡುವೆ ಒಂದೇ ಕಂಬ. ಅಗಲ ಒಂದೂವರೆ ಮೀಟರ್ ಇರುವುದರಿಂದ ಹುಲ್ಲಿನ ಹೊರೆ ಹೊತ್ತವರಿಗೂ ಎದುರಿನವರು ದಾರಿ ಬಿಡಬಹುದು. ಕೆಲಸಗಾರರ ಜಾಣತನ ಕಾಣುವುದು ತುದಿಯಲ್ಲಿ. ಇಷ್ಟುದ್ದದ ಉಕ್ಕು 30 ಡಿಗ್ರಿ ಬಿಸಿ ಏರಿದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕೆಂದೇ ಒಂದು ಕಡೆಯ ಬೋಲ್ಟಿನ ತೂತನ್ನು ಉದ್ದಕ್ಕೆ ಕೊರೆದು ಜಾರಲು ಬಿಟ್ಟಿದ್ದಾರೆ. ಅಲ್ಲಿ ಮಣ್ಣು ಸೇರಿ ಗಟ್ಟಿಯಾದರೆ ದಡದ ಗೋಡೆ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ಕೆರೆದು ಗ್ರೀಸ್ ಹಚ್ಚಿದರೆ ಸಾಕು.

ತುಕ್ಕು ಹಿಡಿದಿರುವುದು ಚೆಕರ್ಡ್ ಪ್ಲೇಟ್ (ಕಾಲು ಜಾರದಂತೆ ಉಬ್ಬುಗೆರೆ ಇರುವ ನೆಲದ ತಗಡು) ಸಿ-ಚಾನೆಲ್ (ಸಿ ಆಕಾರದ ಉಕ್ಕಿನ ತೊಲೆ) ಮೇಲೆ ಕೂರುವ ಸಂದಿನಲ್ಲಿ. ವೆಲ್ಡಿಂಗ್ ಬಿಟ್ಟು ಬಿಟ್ಟು ಮಾಡಿರುವುದರಿಂದ ನಡುವೆ ನೀರು ನಿಲ್ಲುತ್ತದೆ. ಮೇಲಿಂದ ಬಣ್ಣ ಬಳಿದರೆ ತುಕ್ಕು ಮುಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ವೈರ್ ಬ್ರಷ್‌ನಲ್ಲಿ ಉಜ್ಜಿ, ಸಂದು ತುಂಬಿಸಿ, ಎರಡು ಸಲ ರೆಡ್ ಆಕ್ಸೈಡ್ ತಳಬಣ್ಣ ಹೊಡೆದು ಆಮೇಲೆ ಮೇಲಿನ ಬಣ್ಣ.

ನಿಜವಾದ ಆತಂಕ ನಡುಗಂಬದ ಬುಡದ್ದು. ಪ್ರವಾಹ ಕಂಬಕ್ಕೆ ಬಡಿದು ಸುಳಿ ತಿರುಗಿ ಮರಳನ್ನು ತೋಡುತ್ತದೆ. ನೀರು ಇಳಿಯುವಾಗ ಅದೇ ಗುಂಡಿಗೆ ಸಡಿಲ ಮರಳು ಬಂದು ತುಂಬಿಕೊಳ್ಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎಲ್ಲ ಸಮ ಕಾಣುತ್ತದೆ, ಪರೀಕ್ಷೆಗೆ ಬಂದವರೂ ಮೋಸಹೋಗುತ್ತಾರೆ. ಕಬ್ಬಿಣದ ಸರಳನ್ನು ಬುಡದಲ್ಲೂ ನಾಲ್ಕು ಮೀಟರ್ ಆಚೆಯೂ ಒತ್ತಿ ನೋಡಿ. ಬುಡದಲ್ಲಿ ಸಲೀಸಾಗಿ ಆಳಕ್ಕೆ ಇಳಿದರೆ ತೋಡಿದೆ ಎಂದೇ ಅರ್ಥ. ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿದರೆ ಅಡಿಯ ಮರಳು ಜಾರಿದಾಗ ಒಡೆದುಹೋಗುತ್ತದೆ. ತಂತಿ ಬಲೆಯಲ್ಲಿ ಕಟ್ಟಿದ ದಪ್ಪ ಕಲ್ಲು ನೆಲ ಕುಸಿದಂತೆ ತಾನೂ ಕೂತು ಬುಡ ಕಾಯುತ್ತದೆ. ಹತ್ತಿರದಲ್ಲಿ ಮರಳು ಎತ್ತುವುದು ನಿಲ್ಲದಿದ್ದರೆ ಮಾತ್ರ ಯಾವ ಕಲ್ಲೂ ಉಳಿಯದು.

ಬೈಕು ತಡೆಯಲು ನೆಟ್ಟ ಕಂಬ ಈಗಿಲ್ಲ, ಮತ್ತೆ ನೆಡಬೇಕು.

ಮಾಮೂಲು ದಿನಗಳಲ್ಲಿ ಧೈರ್ಯವಾಗಿ ನಡೆಯಿರಿ. ಆದರೆ ಸೀಮೆಜಾಲಿ ಕೊಂಬೆ, ತೆಂಗಿನ ಸೋಗೆ ಕಂಬಿಗೆ ಸಿಕ್ಕಿಕೊಂಡಿದ್ದರೆ ಅದು ನೀರಿಗೆ ಅಡ್ಡಗಟ್ಟೆ ಆಗಿ ಪೂರ್ತಿ ಸೇತುವೆಯನ್ನೇ ತಳ್ಳುತ್ತದೆ. ನೀರು ತೊಲೆಯ ಅಡಿ ಮುಟ್ಟಿದ್ದರೆ ಮಕ್ಕಳನ್ನು ಕಳಿಸಬೇಡಿ, ನೀವೂ ದಾಟಬೇಡಿ. ಆ ಕಸವನ್ನು ಉತ್ತರೆ ಮಳೆಗೆ ಮುಂಚೆ, ಹೊಳೆ ಒಣಗಿದ್ದಾಗಲೇ ತೆಗೆಸಿ.